ಮೂಗಿನ ಮೇಲಿನ ಕಪ್ಪು ಚುಕ್ಕೆ

ಮೂಗಿನ ಮೇಲೆ ಮೂಡುವ ‘ಬ್ಲ್ಯಾಕ್‌ಹೆಡ್’ ಎಂಬ ಕಪ್ಪು ಚುಕ್ಕೆಯನ್ನು ಕೊಳೆಯೆಂದು ತಿಳಿದು ನೀವೂ ಉಜ್ಜಿರಬಹುದು. ಹಿಂದೆ ಯೂರೋಪಿನವರು ಅದನ್ನು ಹುಳುವೆಂದೇ ಭಾವಿಸಿದ್ದರು. ಹಿಸುಕಿದಾಗ ಹೊರಬರುವ ಬಿಳಿ ಎಳೆಯೇ ಈ ತಪ್ಪಿಗೆ ಕಾರಣ. ವೈದ್ಯರು ಈಗಲೂ ಬಳಸುವ ‘ಕಾಮಿಡೋ’ ಎಂಬ ಲ್ಯಾಟಿನ್ ಹೆಸರಿನ ಅರ್ಥ ಹೊಟ್ಟೆಬಾಕ!

ವಾಸ್ತವವಾಗಿ ಅದು ರೋಮಕೂಪದಲ್ಲಿ ಸಿಕ್ಕಿಕೊಂಡ ಜಿಡ್ಡು ಮತ್ತು ಸತ್ತ ಜೀವಕೋಶಗಳ ಬಿರಡೆ. ತುದಿಯ ಕಪ್ಪು ಬಹುಮಟ್ಟಿಗೆ ಮೆಲನಿನ್ ವರ್ಣಕದ್ದು, ಧೂಳಿನದಲ್ಲ. ಆದ್ದರಿಂದ ಉಜ್ಜಿದರೆ ಚರ್ಮ ಕೆರಳುತ್ತದೆಯೇ ಹೊರತು ಚುಕ್ಕೆ ಹೋಗದು.

ಬಿರಡೆಯನ್ನು ಸಡಿಲಿಸುವ ಮದ್ದು ‘ಎ’ ಜೀವಸತ್ತ್ವಕ್ಕೆ ಸಂಬಂಧಿಸಿದ ರೆಟಿನೋಯಿಕ್ ಆಮ್ಲ. ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1969ರಲ್ಲಿ ಇದರ ಪರಿಣಾಮವನ್ನು ಪ್ರಕಟಿಸಿದರು. ಇಂದಿಗೂ ವೈದ್ಯರು ಇದನ್ನು ಬರೆದುಕೊಡುತ್ತಾರೆ. ಆದರೆ ಕ್ಲಿಗ್‌ಮನ್ ಅದನ್ನು ಪರೀಕ್ಷಿಸಿದವರಲ್ಲಿ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳಿದ್ದರು. ಅಲ್ಲಿ 1974ರವರೆಗೂ ನಡೆದ ಪ್ರಯೋಗಗಳಿಗೆ ಮೈಯೊಡ್ಡಿದವರಲ್ಲಿ ಹೆಚ್ಚಿನವರು ಕರಿಯರು. ನಗರಾಡಳಿತ ಅವರ ಕ್ಷಮೆ ಕೇಳಿದ್ದು 2022ರಲ್ಲಿ.