ಆಂಧ್ರದ ಸರ್ಕಾರಿ ನೌಕರಿ: ‘ಸ್ಥಳೀಯ ಅಭ್ಯರ್ಥಿ’ ಎಂದರೆ ಯಾರು?

ಹಾಲಹರವಿ: ಆಂಧ್ರಪ್ರದೇಶದಲ್ಲಿ ಶಿಕ್ಷಕ, ಪೊಲೀಸ್ ಕಾನ್‌ಸ್ಟೇಬಲ್, ಅಗ್ನಿಶಾಮಕ ಸಿಬ್ಬಂದಿ ಮುಂತಾದ ಹುದ್ದೆಗಳಿಗೆ ಅರ್ಜಿ ಹಾಕುವಾಗ ‘ಲೋಕಲ್’ ಅಥವಾ ‘ನಾನ್ ಲೋಕಲ್’ ಎಂದು ಬರೆಯಬೇಕಾಗುತ್ತದೆ. ಹುಟ್ಟಿದ ಊರು, ಹೊಲದ ಪಟ್ಟಾ, ರೇಷನ್ ಕಾರ್ಡ್, ಆಧಾರ್ ಇವು ಯಾವುವೂ ಇದನ್ನು ತೀರ್ಮಾನಿಸುವುದಿಲ್ಲ. ಅಭ್ಯರ್ಥಿ ಹತ್ತನೇ ತರಗತಿವರೆಗೆ ಯಾವ ಜಿಲ್ಲೆಯ ಶಾಲೆಯಲ್ಲಿ ಓದಿದ ಎಂಬುದೇ ಮುಖ್ಯ. ಮಕ್ಕಳನ್ನು ಬಳ್ಳಾರಿಯ ಶಾಲೆಗೆ ಕಳಿಸುವ ಗಡಿ ಹಳ್ಳಿಗಳ ಪಾಲಕರು ಇದನ್ನು ಮೊದಲೇ ತಿಳಿದಿರಬೇಕು.

ಹಿನ್ನೆಲೆ

ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅದೇ ವರ್ಷ ಅಕ್ಟೋಬರ್ 1ರಂದು ಈ ಮೂರು ತಾಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಹೋಯಿತು. ನಂಟಸ್ತಿಕೆ, ಸಂತೆ, ಓದು ಗಡಿ ದಾಟಿಯೇ ನಡೆದವು. ನೌಕರಿಯ ನಿಯಮ ಮಾತ್ರ ಗಡಿಯನ್ನು ಬಿಗಿಯಾಗಿ ನೋಡುತ್ತದೆ.

1969ರ ತೆಲಂಗಾಣ ಚಳವಳಿ, 1972ರ ಜೈ ಆಂಧ್ರ ಚಳವಳಿಗಳ ನಂತರ 1973ರಲ್ಲಿ ಆರು ಅಂಶಗಳ ಸೂತ್ರ ಒಪ್ಪಿತವಾಯಿತು. ಅದರಂತೆ ಸಂವಿಧಾನಕ್ಕೆ 32ನೇ ತಿದ್ದುಪಡಿ ಆಗಿ 371-ಡಿ ವಿಧಿ ಸೇರಿತು. ಅದರಡಿ 1975ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿ ಆದೇಶ ಹೊರಟಿತು. 2014ರಲ್ಲಿ ರಾಜ್ಯ ವಿಭಜನೆಯಾದಾಗಲೂ 371-ಡಿ ವಿಧಿಯನ್ನು ಎರಡೂ ರಾಜ್ಯಗಳಿಗೆ ಉಳಿಸಲಾಯಿತು.

ಎಷ್ಟು ಪಾಲು?

1975ರ ಆದೇಶದಲ್ಲಿ ಕಿರಿಯ ಸಹಾಯಕ ಮತ್ತು ಅದಕ್ಕಿಂತ ಕೆಳಗಿನ ಹುದ್ದೆಗಳಿಗೆ ಜಿಲ್ಲೆಯೇ ಸ್ಥಳೀಯ ಪ್ರದೇಶ, ಶೇ. 80 ಹುದ್ದೆ ಸ್ಥಳೀಯರಿಗೆ. ಅದಕ್ಕೂ ಮೇಲಿನ ನಾನ್ ಗೆಜೆಟೆಡ್ ಹುದ್ದೆಗಳಿಗೆ ವಲಯವೇ ಸ್ಥಳೀಯ ಪ್ರದೇಶ, ಶೇ. 70. ಕರ್ನೂಲು, ಅನಂತಪುರ, ಕಡಪ, ಚಿತ್ತೂರು ಸೇರಿ ನಾಲ್ಕನೇ ವಲಯ.

ಡಿಎಸ್‌ಸಿ ಶಿಕ್ಷಕ ಹುದ್ದೆ ಮತ್ತು ಕಾನ್‌ಸ್ಟೇಬಲ್ ಹುದ್ದೆಗಳನ್ನು ಜಿಲ್ಲಾವಾರು ಶೇ. 80ರ ಲೆಕ್ಕದಲ್ಲಿ, ಎಸ್‌ಐ ಹುದ್ದೆಗಳನ್ನು ವಲಯವಾರು ತುಂಬುತ್ತ ಬಂದಿದ್ದಾರೆ. ಉಳಿದ ಶೇ. 20 ಹೊರಗಿನವರ ಮೀಸಲು ಅಲ್ಲ. ಅದರಲ್ಲಿ ಸ್ಥಳೀಯರೂ ಅಂಕದ ಮೇಲೆ ಸ್ಪರ್ಧಿಸುತ್ತಾರೆ. ಅಂದರೆ ನೂರು ಹುದ್ದೆಗಳಿದ್ದರೆ ನಾನ್ ಲೋಕಲ್ ಅಭ್ಯರ್ಥಿಗೆ ತೆರೆದಿರುವುದು ಇಪ್ಪತ್ತು ಮಾತ್ರ, ಅದೂ ಎಲ್ಲರ ಜೊತೆ ಪೈಪೋಟಿಯಲ್ಲಿ.

ಲೆಕ್ಕ ಹಾಕುವುದು ಹೇಗೆ?

ಮೊದಲ ನಿಯಮ: ಹತ್ತನೇ ತರಗತಿಗೆ ಮುಗಿಯುವಂತೆ ಸತತ 4 ವರ್ಷ, ಅಂದರೆ 7ರಿಂದ 10ರವರೆಗೆ, ಒಂದೇ ಜಿಲ್ಲೆಯಲ್ಲಿ ಓದಿದ್ದರೆ ಆ ಜಿಲ್ಲೆಗೆ ಸ್ಥಳೀಯ.

ಎರಡನೇ ನಿಯಮ: ಹಾಗಿಲ್ಲದಿದ್ದರೆ 4ರಿಂದ 10ರವರೆಗೆ 7 ವರ್ಷವೂ ರಾಜ್ಯದೊಳಗೇ ಓದಿರಬೇಕು. ಆಗ ಹೆಚ್ಚು ವರ್ಷ ಓದಿದ ಜಿಲ್ಲೆಗೆ ಸ್ಥಳೀಯ. ವರ್ಷಗಳು ಸಮವಾದರೆ ಕೊನೆಗೆ ಓದಿದ ಜಿಲ್ಲೆ.

ಶಾಲೆಗೆ ಹೋಗದೆ ಖಾಸಗಿಯಾಗಿ ಪರೀಕ್ಷೆ ಕಟ್ಟಿದವರಿಗೆ ಮಾತ್ರ ಆ ವರ್ಷಗಳ ವಾಸವನ್ನು ನೋಡುತ್ತಾರೆ. ಅದಕ್ಕೆ ತಹಸೀಲ್ದಾರರ ಪ್ರಮಾಣಪತ್ರ ಬೇಕು.

ಕೆಲವು ಉದಾಹರಣೆಗಳು

* 6ನೇ ತರಗತಿವರೆಗೆ ಬಳ್ಳಾರಿ, 7ರಿಂದ 10 ಹಾಲಹರವಿ: ಕರ್ನೂಲು ಜಿಲ್ಲೆಗೆ ಸ್ಥಳೀಯ.
* 4ರಿಂದ 8 ಹಾಲಹರವಿ, 9 ಮತ್ತು 10 ಗುಂತಕಲ್ಲು (ಅನಂತಪುರ ಜಿಲ್ಲೆ): ಕರ್ನೂಲಿಗೆ ಸ್ಥಳೀಯ.
* 7ರಿಂದ 10 ಗುಂತಕಲ್ಲು: ಅನಂತಪುರಕ್ಕೆ ಸ್ಥಳೀಯ. ಕರ್ನೂಲಿನ ಶಿಕ್ಷಕ ಹುದ್ದೆಗೆ ಅಲ್ಲ. 1975ರ ವಲಯಗಳ ಪ್ರಕಾರ ಎಸ್‌ಐ ಹುದ್ದೆಗೆ ಮಾತ್ರ ಎರಡೂ ಒಂದೇ.
* 9ನೇ ತರಗತಿವರೆಗೆ ಹಾಲಹರವಿ, 10 ಮಾತ್ರ ಬಳ್ಳಾರಿ: ನಾನ್ ಲೋಕಲ್. ಒಂದೇ ವರ್ಷದಿಂದ ಎರಡೂ ನಿಯಮ ತಪ್ಪಿಹೋಗುತ್ತವೆ.
* ಕರ್ನಾಟಕದಲ್ಲಿ ಓದಿ ಮದುವೆಯಾಗಿ ಇತ್ತ ಬಂದ ಸೊಸೆ: ನಾನ್ ಲೋಕಲ್. ಮದುವೆಯಿಂದ ಸ್ಥಳೀಯತೆ ಬರುವುದಿಲ್ಲ.

ಹತ್ತರ ನಂತರದ ಓದಿಗೆ ಅಡ್ಡಿಯಿಲ್ಲ

ಹುದ್ದೆಗೆ ಇಂಟರ್, ಡಿಗ್ರಿ ಬೇಕಿದ್ದರೂ ಸ್ಥಳೀಯತೆಗೆ ಹತ್ತನೇ ತರಗತಿಯನ್ನೇ ಕೊನೆ ಎಂದು ಹಿಡಿಯುತ್ತಾರೆ. ಆದ್ದರಿಂದ ಇಲ್ಲಿ ಎಸ್‌ಎಸ್‌ಸಿ ಮುಗಿಸಿ ಬಳ್ಳಾರಿಯಲ್ಲಿ ಪಿಯುಸಿ, ಡಿಗ್ರಿ ಓದಿದರೆ ಸ್ಥಳೀಯತೆ ಹೋಗುವುದಿಲ್ಲ. ಆ ಪದವಿಗೆ ಮಾನ್ಯತೆ ಇದೆಯೇ ಎಂಬುದನ್ನು ಮಾತ್ರ ಬೇರೆಯಾಗಿ ನೋಡಿಕೊಳ್ಳಬೇಕು.

ಓದಿದ ಮಾಧ್ಯಮಕ್ಕೂ ಸ್ಥಳೀಯತೆಗೂ ಸಂಬಂಧವಿಲ್ಲ. ಆಂಧ್ರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದ ವರ್ಷವೂ ತೆಲುಗು ಮಾಧ್ಯಮದಲ್ಲಿ ಓದಿದ ವರ್ಷದಷ್ಟೇ ಲೆಕ್ಕಕ್ಕೆ ಬರುತ್ತದೆ. ಕನ್ನಡ ಶಿಕ್ಷಕ ಹುದ್ದೆಗಳಿಗೂ ಇದೇ ನಿಯಮ. ಕನ್ನಡ ಚೆನ್ನಾಗಿ ಬರಲೆಂದು ಮಗುವನ್ನು ಆಚೆ ಓದಿಸಿದರೆ, ತನ್ನ ಊರಿನ ಕನ್ನಡ ಶಾಲೆಯ ಹುದ್ದೆಗೇ ಆ ಮಗು ಮುಂದೆ ಹೊರಗಿನವನಾಗಬಹುದು.

ಆಚೆ ಕಡೆ ಏನು?

ಕರ್ನಾಟಕದಲ್ಲಿ 2012ರ 98ನೇ ತಿದ್ದುಪಡಿಯಿಂದ 371-ಜೆ ವಿಧಿ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ಇದು ಅನ್ವಯ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರವೂ ಇದರಲ್ಲಿದೆ. ಅಲ್ಲಿ ಮುಖ್ಯವಾಗಿ ಹುಟ್ಟು ಮತ್ತು ವಾಸವನ್ನು ನೋಡುತ್ತಾರೆ, ಶಾಲೆಯನ್ನಲ್ಲ. ಆದ್ದರಿಂದ ಹಾಲಹರವಿಯಲ್ಲಿ ಹುಟ್ಟಿ ಬಳ್ಳಾರಿ ಹಾಸ್ಟೆಲಿನಲ್ಲಿ ಕೆಲವು ವರ್ಷ ಓದಿದ ಮಾತ್ರಕ್ಕೆ ಆ ಮೀಸಲಾತಿ ಸಿಗುವುದಿಲ್ಲ. ಇಂಥವರು ಇತ್ತಲೂ ಸ್ಥಳೀಯರಲ್ಲ, ಅತ್ತಲೂ ಸ್ಥಳೀಯರಲ್ಲ.

ಗಮನಿಸಿ

* 4ರಿಂದ 10ರವರೆಗಿನ ವ್ಯಾಸಂಗ ಪ್ರಮಾಣಪತ್ರಗಳನ್ನು ಶಾಲೆ ಬಿಡುವಾಗಲೇ ಪಡೆದು ಜೋಪಾನವಾಗಿಡಿ.
* ಶಾಲೆ ಬದಲಿಸುವ ಯೋಚನೆ ಇದ್ದರೆ 7ನೇ ತರಗತಿಗೆ ಮೊದಲೇ ತೀರ್ಮಾನಿಸಿ.
* 2022ರ ಏಪ್ರಿಲ್‌ನಲ್ಲಿ ಕರ್ನೂಲಿನಿಂದ ನಂದ್ಯಾಲ ಜಿಲ್ಲೆ ಬೇರೆಯಾಯಿತು. ಆದರೂ 2025ರ ಮೆಗಾ ಡಿಎಸ್‌ಸಿಯ 16,347 ಹುದ್ದೆಗಳಿಗೆ ಹಳೆಯ ಉಮ್ಮಡಿ ಜಿಲ್ಲೆಗಳನ್ನೇ ಲೆಕ್ಕಕ್ಕೆ ಹಿಡಿದರು.
* ಜಿಲ್ಲೆಯೋ ವಲಯವೋ, ಎಷ್ಟು ಶೇಕಡಾ ಎಂಬುದು ಪ್ರತಿ ಅಧಿಸೂಚನೆಯಲ್ಲೂ ಇರುತ್ತದೆ. ಅರ್ಜಿ ಹಾಕುವ ಮೊದಲು ಆ ಭಾಗವನ್ನು ಪೂರ್ತಿ ಓದಿಕೊಳ್ಳಿ.