ಬಡ್ ಪೊವೆಲ್ ಅವರ ಎಡಗೈ: ಮನೆಯ ಕೇಳ್ಮೆ ಮತ್ತು ಬೀಬಾಪ್ ಪಿಯಾನೊ (1924–1947)

ಬೀಬಾಪ್ ಕಾಲದ ಪಿಯಾನೊ ವಾದಕ ಬಡ್ ಪೊವೆಲ್ ಅವರ ಬಗ್ಗೆ ಒಂದು ಮಾತು ರೂಢಿಯಾಗಿದೆ: ಚಾರ್ಲಿ ಪಾರ್ಕರ್ ಸ್ಯಾಕ್ಸೊಫೋನಿನಲ್ಲಿ ನುಡಿಸಿದ್ದನ್ನು ಇವರು ಪಿಯಾನೊಗೆ ತಂದರು. ಬಲಗೈಯ ಮಟ್ಟಿಗೆ ಈ ಮಾತು ಸಲ್ಲುತ್ತದೆ. ಎಡಗೈಯ ಪ್ರಶ್ನೆ ಬಂದಾಗ ಮಾತ್ರ, ಅದರ ಕೆಲಸ ಅತ್ಯಲ್ಪವೆಂದು ಹೇಳಿ ಮುಂದೆ ಸಾಗುವುದೇ ಹೆಚ್ಚು. ಮನೆಯಲ್ಲೇ ಸ್ಟ್ರೈಡ್ ಶೈಲಿಯನ್ನು ಕೇಳಿ ಬೆಳೆದ ಆ ಎಡಗೈ, ಅದೇ ಶೈಲಿಯ ಸಾರವನ್ನು ಹಿಂಡಿ ಉಳಿಸಿಕೊಂಡಿತು ಎಂಬುದು ಈ ಲೇಖನದ ವಾದ.

ಪೊವೆಲ್ ಹುಟ್ಟಿದ್ದು 1924ರ ಸೆಪ್ಟೆಂಬರ್ 27ರಂದು, ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ. ತಂದೆ ವಿಲಿಯಂ ಸ್ಟ್ರೈಡ್ ಪಿಯಾನೊ ವಾದಕರು. ಅಣ್ಣ ಟ್ರಂಪೆಟ್ ಮತ್ತು ಪಿಟೀಲು ನುಡಿಸುತ್ತಿದ್ದರು. ತಮ್ಮ ರಿಚಿ ಮುಂದೆ ಕ್ಲಿಫರ್ಡ್ ಬ್ರೌನ್–ಮ್ಯಾಕ್ಸ್ ರೋಚ್ ತಂಡದ ಪಿಯಾನೊ ವಾದಕರಾದರು. ಬಾಲ್ಯದಲ್ಲೇ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಾಠ ಆರಂಭವಾಯಿತು. ಪಾಠದ ಹೊರಗೆ ಕಿವಿಗೆ ಬೀಳುತ್ತಿದ್ದುದು ಬೇರೆಯೇ ಸಂಗೀತ. ಮನೆ ಬಾಡಿಗೆ ಹೊಂದಿಸಲು ಹಾರ್ಲೆಮ್‌ನ ಬಾಡಿಗೆದಾರರು ಕೂಟ ನಡೆಸುತ್ತಿದ್ದರು, ಜೇಮ್ಸ್ ಪಿ. ಜಾನ್ಸನ್, ಫ್ಯಾಟ್ಸ್ ವಾಲರ್ ಅಂಥವರು ಬೆಳೆದದ್ದು ಆ ಕೂಟಗಳಲ್ಲಿ. ಜೊತೆಗೆ ಬಾಸ್ ಇಲ್ಲ, ಡ್ರಮ್ ಇಲ್ಲ. ಹಾಗಾಗಿ ಒಂದು ಮತ್ತು ಮೂರನೆಯ ಬಡಿತಕ್ಕೆ ಮಂದ್ರದ ಸ್ವರ, ಎರಡು ಮತ್ತು ನಾಲ್ಕಕ್ಕೆ ಮೇಲೆ ಜಿಗಿದು ಸ್ವರಗುಚ್ಛ: ತಾಳದ ಹೊರೆಯೆಲ್ಲ ಎಡಗೈಯದು. ಇದೇ ಸ್ಟ್ರೈಡ್. ಹತ್ತು ವರ್ಷದ ಹೊತ್ತಿಗೆ ಪೊವೆಲ್ ವಾಲರ್ ಮತ್ತು ಆರ್ಟ್ ಟೇಟಮ್ ಅವರ ಶೈಲಿಯನ್ನು ಅನುಕರಿಸುವಷ್ಟು ಪಳಗಿದ್ದರು.

ಹದಿನೈದಕ್ಕೆ ಶಾಲೆ ಬಿಟ್ಟರು. ಅಣ್ಣನ ತಂಡದಲ್ಲಿ ನುಡಿಸಿದರು. ಹಾರ್ಲೆಮ್‌ನ ಜಾಝ್ ಕ್ಲಬ್ ಮಿಂಟನ್ಸ್ ಪ್ಲೇಹೌಸ್‌ನಲ್ಲಿ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಅವರ ಆಸರೆ ಸಿಕ್ಕಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೊಸ ಸಂಗೀತದ ದಾರಿ ತೋರಿದ ಮಂಕ್ ಸ್ವತಃ ಸ್ಟ್ರೈಡ್ ಪರಂಪರೆಯವರು, ಅದನ್ನು ಕೊನೆಯವರೆಗೂ ಬಿಡದವರು. ಮನೆಯ ಹೊರಗೆ ದೊರೆತ ಗುರುವೂ ತಂದೆಯ ಬೇರಿನವರೇ ಆಗಿದ್ದರು.

ಕೂಟಿ ವಿಲಿಯಮ್ಸ್ ಅವರ ದೊಡ್ಡ ವಾದ್ಯವೃಂದದೊಡನೆ 1944ರಲ್ಲಿ ಮೊದಲ ಧ್ವನಿಮುದ್ರಣಗಳಾದವು. ಆ ಆಗಸ್ಟ್‌ನಲ್ಲಿ ಮಂಕ್ ಅವರ ‘ರೌಂಡ್ ಮಿಡ್‌ನೈಟ್’ ಮೊದಲ ಬಾರಿಗೆ ಮುದ್ರಣಗೊಂಡಾಗ ಪಿಯಾನೊದಲ್ಲಿದ್ದವರು ಇನ್ನೂ ಇಪ್ಪತ್ತು ತುಂಬದ ಪೊವೆಲ್. ಐದೇ ತಿಂಗಳಲ್ಲಿ, 1945ರ ಜನವರಿಯಲ್ಲಿ, ಫಿಲಡೆಲ್ಫಿಯಾದಲ್ಲಿ ಪೊಲೀಸರು ಅವರ ತಲೆಗೆ ಹೊಡೆದರು. ಆ ಪೆಟ್ಟಿನ ನಂತರ ತಲೆನೋವು, ಆಸ್ಪತ್ರೆವಾಸ ಬೆನ್ನುಬಿಡಲಿಲ್ಲ. ಇಷ್ಟು ದೊಡ್ಡ ಅನ್ಯಾಯವನ್ನು ಅವರ ‘ವಿಚಿತ್ರ ಸ್ವಭಾವ’ದ ಕಥೆಗಳಡಿ ಹೂತುಹಾಕುವುದು ಚರಿತ್ರೆಗೆ ಸಲ್ಲದು.

ನಮ್ಮ ವಾದಕ್ಕೆ ಮುಖ್ಯ ಸಾಕ್ಷಿ 1947ರ ಜನವರಿ 10ರ ಮುದ್ರಣ. ಕರ್ಲಿ ರಸೆಲ್ ಬಾಸ್, ಮ್ಯಾಕ್ಸ್ ರೋಚ್ ಡ್ರಮ್ಸ್. ಒಟ್ಟು ಎಂಟು ಕೃತಿಗಳು. ‘ಬಡ್ಸ್ ಬಬಲ್’ನಂಥ ದ್ರುತ ಕೃತಿಗಳಲ್ಲಿ ಎಡಗೈ ಬಿಟ್ಟುಬಿಟ್ಟು ಎರಡೇ ಸ್ವರ ಒತ್ತುತ್ತದೆ: ಮೂಲಸ್ವರದೊಡನೆ ಏಳನೆಯದು, ಇಲ್ಲವೇ ಮೇಲಿನ ಸಪ್ತಕದ ಮೂರನೆಯದು. ಈ ಎರಡನೆಯ ಜೋಡಿ, ಸ್ಟ್ರೈಡ್ ವಾದಕರು ಕೈ ಅಗಲಿಸಿ ಹಿಡಿಯುತ್ತಿದ್ದ ಹತ್ತನೆಯ ಅಂತರವೇ. ಬಡಿತವನ್ನು ಬಾಸ್ ವಹಿಸಿಕೊಂಡದ್ದರಿಂದ ಜಿಗಿತ ಹೋಯಿತು, ಹಿಡಿತ ಉಳಿಯಿತು. ಅದೇ ದಿನದ ವಿಲಂಬ ಕೃತಿ ‘ಐ ಶುಡ್ ಕೇರ್’ ಕೇಳಿದರೆ ಸಂಶಯಕ್ಕೆ ಎಡೆಯಿಲ್ಲ. ಟೇಟಮ್ ಅವರ ತುಂಬು ಸ್ವರಗುಚ್ಛಗಳು ಎರಡೂ ಕೈಯಲ್ಲಿ ಹಾಗೆಯೇ ಇವೆ. ಎಡಗೈ ಬಾರದ ವಾದಕರು ಹೀಗೆ ನುಡಿಸಲಾರರು. ದ್ರುತದಲ್ಲಿ ಕಂಡ ಮಿತಿ ಅವರೇ ಆರಿಸಿಕೊಂಡದ್ದು.

ಅದೇ ವರ್ಷದ ಮೇ ತಿಂಗಳಲ್ಲಿ ಪಾರ್ಕರ್ ಅವರೊಡನೆ ‘ಡೊನಾ ಲೀ’ ನುಡಿಸಿದರು. ನವೆಂಬರ್‌ನಲ್ಲಿ ಮತ್ತೆ ಆಸ್ಪತ್ರೆ ಸೇರಿದರು. ಅದೇ ತಿಂಗಳ 21ರಂದು ಮಂಕ್ ತಮ್ಮ ‘ರೌಂಡ್ ಮಿಡ್‌ನೈಟ್’ ಅನ್ನು ಮೊದಲ ಸಲ ತಾವೇ ಧ್ವನಿಮುದ್ರಿಸಿದರು. ಅಂದೇ ಪೊವೆಲ್ ಅವರಿಗಾಗಿ ರಚಿಸಿದ ‘ಇನ್ ವಾಕ್ಡ್ ಬಡ್’ ಕೂಡ ಮುದ್ರಣಗೊಂಡಿತು.