ಮುತ್ತಜ್ಜನ ಪೊಲೀಸ್ ಕಡತ

"ನಮ್ಮ ಮುತ್ತಜ್ಜ ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದರಂತೆ." ಪುತ್ತೂರು, ಸುಳ್ಯ, ಕಡಬದ ಮನೆಯೊಂದರಲ್ಲಿ ಹಿರಿಯರು ಹೀಗೆ ಹೇಳಿದರೆನ್ನಿ. ಅದು ನಿಜವೇ? ವಿಜ್ಞಾನದಲ್ಲಿ ಊಹೆಯನ್ನು ಪ್ರಯೋಗ ಪರೀಕ್ಷಿಸುತ್ತದೆ. ಇತಿಹಾಸದಲ್ಲಿ ಆ ಕೆಲಸ ದಾಖಲೆಯದು.

ಮೊದಲು ಅವರ ಕಾಲವನ್ನು ಗೊತ್ತುಮಾಡಿಕೊಳ್ಳಿ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವು ಮದರಾಸಿಗೆ ಸೇರಿತ್ತು. ಆದುದರಿಂದ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿಯೂ ಹುಡುಕಬೇಕು. ಹಳೆಯ ಕಡತಗಳಲ್ಲಿ ಕಡಬ ತಾಲೂಕು ಸಿಗದು, ಅದು ಈಚಿನದು.

ಮದರಾಸಿನಲ್ಲಿ ಪ್ರತ್ಯೇಕ ಪೊಲೀಸ್ ಇಲಾಖೆ ಬಂದದ್ದು 1859ರ ಕಾಯಿದೆಯಿಂದ. ಅದಕ್ಕೆ ಮೊದಲು, 1837ರ ಅಮರ ಸುಳ್ಯದ ಹೋರಾಟದ ಕಾಲದಲ್ಲಿಯೂ, ಪೊಲೀಸ್ ಅಧಿಕಾರ ಕಲೆಕ್ಟರ್, ತಹಶೀಲ್ದಾರರ ಕೈಯಲ್ಲಿತ್ತು. ಆಗಿನವರನ್ನು ಕಂದಾಯ ಕಡತಗಳಲ್ಲಿ ನೋಡಿ.

ಹಿರಿಯ ಅಧಿಕಾರಿಗಳ ನೇಮಕ, ವರ್ಗಾವಣೆಗಳು ಫೋರ್ಟ್ ಸೇಂಟ್ ಜಾರ್ಜ್ ಗೆಜೆಟಿನಲ್ಲಿ ಅಚ್ಚಾಗುತ್ತಿದ್ದವು. ಪೇದೆಯ ಹೆಸರು ಅಲ್ಲಿ ಬಾರದು. ಜನ್ಮದಿನ, ಎತ್ತರ, ಬಡ್ತಿ, ಶಿಕ್ಷೆ ಎಲ್ಲವನ್ನೂ ಹೇಳುವುದು ಸೇವಾ ಪುಸ್ತಕ. ಅದು ಉಳಿದಿದ್ದರೆ ನಿಮ್ಮ ಭಾಗ್ಯ.

ಇನ್ಸ್‌ಪೆಕ್ಟರ್ ಎಂದುಕೊಂಡವರು ಪೇದೆಯಾಗಿಯೇ ನಿವೃತ್ತರಾಗಿರಬಹುದು. 1930ರ ಸತ್ಯಾಗ್ರಹಿಗಳ ಎದುರು ಲಾಠಿ ಹಿಡಿದು ನಿಂತಿರಲೂಬಹುದು. ಅದನ್ನು ಮುಚ್ಚಿಡಬೇಡಿ, ಇದ್ದುದನ್ನು ಇದ್ದಂತೆ ಬರೆದಿಡಿ. ಮುತ್ತಜ್ಜನಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.